ಹೋಗಲೊಪ್ಪದ ಫೋಲ್ಡರ್

ಉರ್ವದಲ್ಲಿ, ಎಲ್ಲರೂ ಹಮೀದಾಕ ಎಂದು ಕರೆಯುವ ಹಿರಿಯರೊಬ್ಬರ ಫೋಟೋ ಸ್ಟುಡಿಯೋ ಉಂಟು. ಅಲ್ಲಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನಾನು. ಮದುವೆ ಫೋಟೋಗಳನ್ನೆಲ್ಲ ಅವರು ಹೊಸ ಡಿಸ್ಕಿಗೆ ಸಾಗಿಸಿದ ಮೇಲೆ ಹಳೆಯದರಲ್ಲಿ ರಾಶಿ ಫೋಲ್ಡರ್‌ಗಳು ಉಳಿದಿದ್ದವು.

“ಎಲ್ಲ ಖಾಲಿಯೇ. ಒಟ್ಟಿಗೆ ಅಳಿಸಿಬಿಡಿ ಮಾರಾಯ್ರೆ,” ಎಂದು ಅವಸರ ಮಾಡಿದರು.

ಹಾಗೆ ಅಳಿಸುವ ಕಮಾಂಡ್ ಉಂಟು. ಒಳಗೆ ಎಂತ ಇದ್ದರೂ ಅದು ನೋಡುವುದಿಲ್ಲ. ನಾನು ಅದನ್ನು ಬಿಟ್ಟು rmdir ಎಂದು ಟೈಪ್ ಮಾಡಿದೆ. ಇದು ಖಾಲಿ ಫೋಲ್ಡರನ್ನು ಮಾತ್ರ ತೆಗೆಯುತ್ತದೆ. ಎಲ್ಲ ಹೋದವು, ಒಂದು ಮಾತ್ರ ಹೋಗಲಿಲ್ಲ. ಅದು ಖಾಲಿ ಇಲ್ಲ ಎಂದು ಪರದೆಯಲ್ಲಿ ಬಂತು.

“ಎಂತ ಹಠ ಇದರದ್ದು? ಜೋರು ಮಾಡಿ ತೆಗೀರಿ.”

“ಇಲ್ಲ ಹಮೀದಾಕ, ಮೊದಲು ತೆರೆದು ನೋಡ್ತೇನೆ.”

ಒಳಗೆ ಬಜಪೆಯ ಒಂದು ನಿಕಾಹ್‌ನ ಫೋಟೋಗಳು. ಹೊಸ ಡಿಸ್ಕಿನಲ್ಲಿ ಹುಡುಕಿದರೆ ಅವು ಇರಲೇ ಇಲ್ಲ. ಆಲ್ಬಂ ಇನ್ನೂ ಆಗಿರಲಿಲ್ಲ. ಮದುಮಗ ಆಗಲೇ ದುಬೈಗೆ ವಾಪಸ್ ಹೋಗಿದ್ದ. ಹಮೀದಾಕ ಸ್ಟೂಲನ್ನು ಹತ್ತಿರ ಎಳೆದು ಕೂತು, ಅಷ್ಟನ್ನೂ ಹೊಸ ಡಿಸ್ಕಿಗೆ ಸಾಗಿಸಿದರು.

“ಈ ಕಂಪ್ಯೂಟರಿಗೆ ಭಾರಿ ಬುದ್ಧಿ ಉಂಟು ಮಾರಾಯ್ರೆ!”

“ಕಮಾಂಡ್ ಆರಿಸಿದ್ದು ನಾನು,” ಎಂದೆ. ಹೊಗಳಿಕೆಯನ್ನು ಯಂತ್ರಕ್ಕೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗೆ ಅಂದು ಇರಲಿಲ್ಲ.