ಇಬ್ಬರ ಭಾರಕ್ಕೆ ಬಿಗಿದ ಸ್ಪ್ರಿಂಗು

ಹಾಸಿಗೆ ಅಂಗಡಿಯ ಯಜಮಾನನಿಗೆ ಮೈಸುಖದ ವಿಷಯದಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ. ಬಂದ ಗಿರಾಕಿಯನ್ನೆಲ್ಲ ಹಾಸಿಗೆಯ ಮೇಲೆ ಮಲಗಿಸಿ, ಬೆನ್ನಿಗೆ ಹಿತವಾಗಿದೆಯಾ, ಸೊಂಟಕ್ಕೆ ಆಸರೆ ಸಿಕ್ಕಿತಾ ಎಂದು ಮಾತಿನಲ್ಲಿ ಜೇನು ಸುರಿಸುತ್ತ ವಿಚಾರಿಸುವನು. ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹಾಸಿಗೆ ಗವಸು ಹೊಲಿಯುತ್ತಿದ್ದ ಹೆಂಡತಿಯ ಸೊಂಟವನ್ನು ಮಾತ್ರ ಈ ಮಹಾನುಭಾವ ಒಂದು ದಿನವೂ ವಿಚಾರಿಸಲಿಲ್ಲ.

ಬೆಳಿಗ್ಗೆ ಸಂಜೆ ಅವನ ಬೈಕಿನ ಹಿಂದೆ ಕೂತು ಅವಳ ಸೊಂಟ ನುಗ್ಗಾಗಿತ್ತು. ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಎಣ್ಣೆ ಸೋರಿಹೋಗಿ ಎಷ್ಟೋ ಕಾಲವಾಗಿತ್ತು. ಹೀಗೇ ಮುಂದುವರಿದರೆ ಹೊಲಿಗೆ ಯಂತ್ರದ ಮುಂದೆ ಕೂರುವುದನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಅದನ್ನು ಗಂಡನಿಗೆ ಮತ್ತೆ ಮತ್ತೆ ಹೇಳಿದಳು. ಗೋಡೆಗೆ ಹೇಳಿದ್ದರೆ ಒಂದಿಷ್ಟು ಸುಣ್ಣವಾದರೂ ಉದುರುತ್ತಿತ್ತು. ಕೊನೆಗೆ ಯಜಮಾನನ ಕುಂಡೆಗೇ ಪೆಟ್ಟು ತಾಗಿದಾಗ ಹೊಸ ಶಾಕ್ ಬಂತು. ಎಲ್ಲ ಅವಳಿಗೋಸ್ಕರವಂತೆ.

ಮೆಕ್ಯಾನಿಕ್ ಇಬ್ಬರನ್ನೂ ಕೂರಿಸಿ, ಸ್ಪ್ರಿಂಗಿನ ಬುಡದ ರಿಂಗನ್ನು ಇಬ್ಬರ ಭಾರಕ್ಕೆ ಸರಿಯಾಗಿ ಬಿಗಿ ಮಾಡಿದ. ರಸ್ತೆಯ ತಿರುವಿನವರೆಗೂ ಬೆನ್ನು ಚುಳ್ ಎನ್ನಲಿಲ್ಲ. ಹೇಗಿದೆ ಎಂದು ಈಗಲಾದರೂ ಕೇಳಿಯಾನು ಎಂದು ಅವಳು ಕಾದಳು. ಅವನೋ, ಹೊಸ ಶಾಕಿನ ತಾಕತ್ತು ನೋಡಲು ಗುಂಡಿಗಳನ್ನು ಹುಡುಕಿ ಹುಡುಕಿ ಬೈಕ್ ಇಳಿಸತೊಡಗಿದ. ಗೊತ್ತೇ ಆಗಲಿಲ್ಲ ಅಲ್ಲವೇ ಎಂದು ಕೇಳಿ, ಹೌದೆಂದು ತಾನೇ ಉತ್ತರವನ್ನೂ ಕೊಟ್ಟುಕೊಂಡ. ಶಾಲೆಯ ಮುಂದಿನ ದೊಡ್ಡ ಹಂಪಿನಲ್ಲಿ ಅವಳು ಮೇಲಕ್ಕೆ ಹಾರಿ ಸೀಟಿಗೆ ಧೊಪ್ಪನೆ ಬಿದ್ದಳು. ಕಣ್ಣು ಕತ್ತಲೆ ಬಂತು. ಗಾಡಿ ನಿಲ್ಲಿಸಲು ಹೇಳಿ ಇಳಿದು, ಸೊಂಟ ಹಿಡಿದುಕೊಂಡೇ ಬಸ್ಸು ಹತ್ತಿದಳು. ತನ್ನ ಶಾಕಿಗೆ ಅವಮಾನವಾಯಿತೆಂದು ಇವನು ಮುಖ ಊದಿಸಿಕೊಂಡ.

ಅಂದಿನಿಂದ ಅವಳದು ಬಸ್ಸೇ. ನಿಧಾನವಾಗಿ ಓಡಿಸುತ್ತೇನೆ, ಬಾ ಎಂದು ಒಂದು ಮಾತು ಅಂದಿದ್ದರೆ ಹೋಗುತ್ತಿದ್ದಳು. ಅಷ್ಟು ಅನ್ನಲು ಅವನ ನಾಲಿಗೆ ಸವೆದುಹೋಗುತ್ತಿತ್ತೇನೋ.

ಒಬ್ಬನೇ ಓಡಾಡುವಾಗ ಬೈಕು ಅವನನ್ನು ಕುಕ್ಕತೊಡಗಿತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇವನಿಗೆ ಶಾಕ್ ಡೊಂಕು. ಮೋಸದ ಮಾಲು ಎಂದು ಮೆಕ್ಯಾನಿಕ್ ಮೇಲೆ ಎಗರಿದನಂತೆ. ಇಬ್ಬರಿಗೆ ಬಿಗಿದದ್ದು ಒಬ್ಬರೇ ಕೂತರೆ ಕುಕ್ಕದೆ ಇರುತ್ತದೆಯೇ, ಅಕ್ಕನನ್ನು ಕರೆದುಕೊಂಡು ಬನ್ನಿ ಎಂದನಂತೆ ಮೆಕ್ಯಾನಿಕ್.

ಆ ಸಂಜೆ ಅವಳು ಬಸ್ಸಿಳಿದು ಬರುವಷ್ಟರಲ್ಲಿ ಗಂಡ ಬಾಗಿಲಲ್ಲೇ ಹಲ್ಲು ಕಿರಿಯುತ್ತ ನಿಂತಿದ್ದ.

"ಕಾರಣ ಗೊತ್ತಾಯ್ತು ಕಣೇ. ನೀನು ಹಿಂದೆ ಇಲ್ಲ ಅಂತಾನೇ ಅದು ಕುಕ್ತಾ ಇದ್ದಿದ್ದು."

ಅವಳು ಬ್ಯಾಗು ಹಿಡಿದೇ ನಿಂತಳು. ಅಷ್ಟಕ್ಕೇ ಎದೆ ಮೆತ್ತಗಾಯಿತು.

"ರಿಂಗ್ ಸಡಿಲ ಮಾಡಿಸ್ಕೊಂಡು ಬಂದೆ. ಈಗ ಒಬ್ಬನಿಗೆ ಕರೆಕ್ಟಾಗಿದೆ."

"ಹಿಂದಿನ ಫುಟ್‌ರೆಸ್ಟೂ ಬಿಚ್ಚಿಸಿಬಿಡಬೇಕಿತ್ತು ನೀವು," ಎಂದಳು.

ಅವನು ಗಲ್ಲ ಕೆರೆದುಕೊಂಡು ಗಂಭೀರವಾಗಿ ಯೋಚಿಸಿದ. "ಅದೂ ಸರಿನೇ. ನಾಳೆ ಬಿಚ್ಚಿಸ್ತೀನಿ."