ಗಂಗುಲಪ್ಪನ ಚಾಲು

ಕಲ್ಯಾಣದುರ್ಗದ ಸುತ್ತಮುತ್ತ ಬೋರಿನೊಳಗೆ ಮೋಟ್ರು ಕೆಟ್ಟು ಕೂತರೆ ಜನ ಮೊದಲು ದೇವರನ್ನು ಬೈಯುತ್ತಿದ್ದರು, ಆಮೇಲೆ ಗಂಗುಲಪ್ಪನಿಗೆ ಫೋನು ಮಾಡುತ್ತಿದ್ದರು. ದೇವರು ಬರುತ್ತಿದ್ದನೋ ಇಲ್ಲವೋ, ಗಂಗುಲಪ್ಪ ಮಾತ್ರ ಬರುತ್ತಿದ್ದ. ಮೂರು ಕಾಲಿನ ಕಬ್ಬಿಣದ ಕಂಬ, ಚೈನ್ ಪುಲ್ಲಿ, ಜೊತೆಗೆ ಕಾಳಪ್ಪ ಅನ್ನೋ ಜೋಡಿಗಾರ, ಎಲ್ಲವೂ ಒಂದೇ ಆಟೋದಲ್ಲಿ ಇಳಿಯುತ್ತಿದ್ದವು. ಇವತ್ತು ಬ್ರಹ್ಮಸಮುದ್ರದ ಕಡೆ, ನಾಳೆ ಕಂಬದೂರಿನ ಕಡೆ. ಪೈಪು ಒಂದೊಂದಾಗಿ ಎಳೆದು ಮೋಟ್ರು ಹೊರಗೆ ತೆಗೆಯೋದು, ರಿಪೇರಿಯಾಗಿ ಬಂದ ಮೇಲೆ ಮತ್ತೆ ಒಳಗೆ ಇಳಿಸೋದು. ಎಲ್ಲ ಮುಗಿದ ಮೇಲೆ ಬಲಗೈಯನ್ನು ಮೇಲಕ್ಕೆತ್ತಿ, ಸ್ಟಾರ್ಟರ್ ಡಬ್ಬದ ಹತ್ತಿರ ನಿಂತವನಿಗೆ ಕೂಗುತ್ತಿದ್ದ: "ಚಾಲೂ!"

ಎರಡು ಹೊಲದಾಚೆ ಮಲಗಿದ್ದ ನಾಯಿ ಎದ್ದು ಕೂರುವಂಥ ಕೂಗು ಅದು.

ಚಾಲು ಅಂದರೆ ಶುರು ಮಾಡು. ಕನ್ನಡದವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಆಂಧ್ರದ ಆ ಗಡಿಯಲ್ಲಿ ಎರಡು ಭಾಷೆಗಳು ಒಂದೇ ನಾಲಿಗೆಯ ಮೇಲೆ ಸಂಸಾರ ಹೂಡಿವೆ ನೋಡಿ, ಅದೇ ಚಾಲು ತೆಲುಗಿನಲ್ಲಿ ಸಾಕು ಅಂತಾಗುತ್ತದೆ. ಹೊಲದಲ್ಲಿ ಕೈಯೆತ್ತಿ ಚಾಲು ಅಂದ ಗಂಗುಲಪ್ಪನೇ ಮನೆಯಲ್ಲಿ ಹೆಂಡತಿ ತಿಪ್ಪಕ್ಕ ಇನ್ನೊಂದು ಮುದ್ದೆ ಇಡಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿದು "ಚಾಲು, ಚಾಲು" ಅನ್ನುತ್ತಿದ್ದ. ಯಾರಿಗೂ ಎಂದೂ ಗೊಂದಲವಾಗಿರಲಿಲ್ಲ. ಮೋಟ್ರು ಎಲ್ಲಿ, ಮುದ್ದೆ ಎಲ್ಲಿ!

ಒಂದು ಬೆಳಗ್ಗೆ ಮುಖ ತೊಳೆಯುವಾಗ ಅವನ ಬಲಗೈಯಿಂದ ಚೊಂಬು ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಅಲ್ಲೇ ಕುಸಿದ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಹೊರಗೆ ಬರುವ ಹೊತ್ತಿಗೆ ಕಾಲು ಹೇಗೋ ನೆಲ ಹಿಡಿಯಿತು. ಬಲಗೈ ಮಾತ್ರ ಹೆಗಲಿಗೆ ತೂಗುಹಾಕಿದ ಒದ್ದೆ ಟವೆಲ್ಲಿನ ಹಾಗೆ ಉಳಿಯಿತು. ಮಾತೂ ಹೋಯಿತು. ಎಲ್ಲವೂ ಹೋಗಿ ಒಂದೇ ಒಂದು ಪದ ಉಳಿಯಿತು: ಚಾಲು. ನೀರು ಬೇಕಾದರೂ ಚಾಲು, ಸೊಳ್ಳೆ ಕಚ್ಚಿದರೂ ಚಾಲು, ಅಳು ಬಂದರೂ ಚಾಲು. ತಲೆ ಅಲ್ಲಾಡಿಸಿ ಹೇಳಲಿ ಅಂದರೆ ಅದೂ ಅದಲುಬದಲಾಗಿತ್ತು. ಹೂಂ ಅನ್ನಬೇಕಾದ ಕಡೆ ತಲೆ ಅಡ್ಡಡ್ಡ ಆಡುತ್ತಿತ್ತು, ಊಹೂಂ ಅನ್ನಬೇಕಾದ ಕಡೆ ಮೇಲೆ ಕೆಳಗೆ. ಡಾಕ್ಟರು, ಕೆಲವರಿಗೆ ಹೀಗೂ ಆಗುತ್ತದೆ, ಅಂದರು.

ಮಗಳು ಕಲ್ಯಾಣಿಯನ್ನು ಹಿಂದೂಪುರಕ್ಕೆ ಕೊಟ್ಟಿದ್ದರು. "ಕೈಗೆ ವ್ಯಾಯಾಮ ಮಾಡ್ಸೋರು ನಮ್ಮೂರಾಗವ್ರೆ ಕಣಮ್ಮ. ಕೈ ಬರೋಗಂಟ ಅಪ್ಪ ನನ್ನತ್ರ ಇರ್ಲಿ" ಅಂತ ಅವಳೇ ಕರೆದುಕೊಂಡು ಹೋದಳು. ತಿಪ್ಪಕ್ಕ ಎಮ್ಮೆಗಳನ್ನು ಬಿಟ್ಟು ಬರಲಾಗದೆ ಕಲ್ಯಾಣದುರ್ಗದಲ್ಲೇ ಉಳಿದಳು.

ಗಂಗುಲಪ್ಪನನ್ನು ಒಳಗೊಳಗೆ ಕೊಯ್ಯುತ್ತಿದ್ದದ್ದು ಮಾತು ಹೋದದ್ದಲ್ಲ, ಊಟ. ಎಡಗೈ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಎಡಗೈಯಲ್ಲಿ ಅನ್ನ ಮುಟ್ಟುವುದುಂಟೆ? ಅವನು ಸುತರಾಂ ಒಪ್ಪಲಿಲ್ಲ. ಚಮಚ ಕೊಟ್ಟರೆ ಆಚೆಗೆ ತಳ್ಳಿದ. ಹಾಗಾಗಿ ಮೂರು ಹೊತ್ತೂ ಮಗಳು ತುತ್ತು ಮಾಡಿ ಬಾಯಿಗಿಡಬೇಕು. ಬಾಯಿ ತೆರೆಯುವಾಗಲೆಲ್ಲ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅದನ್ನು ನೋಡಿ ನೋಡಿ ಕಲ್ಯಾಣಿ ಹಟ ಹಿಡಿದಳು. ಹೆಂಗಾದರೂ ಆ ಬಲಗೈ ಏಳಬೇಕು. ಅಪ್ಪ ತಾನೇ ಮುದ್ದೆ ಮುರಿದು ಉಣ್ಣಬೇಕು.

ವ್ಯಾಯಾಮದವನು ಹೇಳಿಕೊಟ್ಟ ಹಾಗೆ ಗೋಡೆಗೆ ಕೈ ಒರಗಿಸಿ ಮೇಲಕ್ಕೆ ಏರಿಸು ಅಂದರೆ ಗಂಗುಲಪ್ಪ ಗೋಡೆಯನ್ನೇ ನೋಡುತ್ತ ನಿಂತುಬಿಡುತ್ತಿದ್ದ. ಆಗ ಅಳಿಯ ಯೋಗೇಶ್ ಒಂದು ದಾರಿ ಹೇಳಿದ. ಅವನದು ಮನೆಯ ಮುಂದಿನ ಕೋಣೆಯಲ್ಲೇ ಗೇಮಿನ ಅಂಗಡಿ. ದೊಡ್ಡ ಟಿವಿ ಮುಂದೆ ಗುಂಡಿ ಒತ್ತಿ ಆಡುವಂಥವುಗಳ ಜೊತೆಗೆ, ಕೈ ಬೀಸಿ ಆಡುವ ಹಳೆಯ ಮೆಷೀನೂ ಒಂದಿತ್ತು. ಗೇಣುದ್ದದ ರಿಮೋಟನ್ನು ಕೈಯಲ್ಲಿ ಹಿಡಿದು ಗಾಳಿಗೆ ಗುದ್ದಿದರೆ ಟಿವಿಯೊಳಗಿನ ನೀಲಿ ಚಡ್ಡಿಯವನು ಎದುರಿಗಿನ ಕೆಂಪು ಚಡ್ಡಿಯವನಿಗೆ ಗುದ್ದುತ್ತಾನೆ. ಪೆಟ್ಟು ಕೊಟ್ಟರೂ ತಿಂದರೂ ಕೈಯಲ್ಲಿನ ರಿಮೋಟು ಗುರ್ ಅಂತ ನಡುಗುತ್ತದೆ.

"ಬಾ ಮಾವ, ಕುಸ್ತಿ ಆಡುವಂತೆ. ಗೋಡೆಗಿಂತ ಇದು ವಾಸಿ" ಅಂದ ಯೋಗೇಶ್.

ಬೆರಳು ಹಿಡಿಯದ್ದರಿಂದ ರಿಮೋಟನ್ನು ಅಂಗೈಗಿಟ್ಟು ಬಟ್ಟೆಪಟ್ಟಿಯಲ್ಲಿ ಸುತ್ತಿ ಕಟ್ಟಿದರು. ಟಿವಿಯಲ್ಲಿ ಗಂಟೆ ಹೊಡೆಯಿತು. ಗಂಗುಲಪ್ಪನ ಅರ್ಧ ಬಾಯಿ ನಕ್ಕಿತು. "ಚಾಲು!" ಅಂದ. ಆವತ್ತಿನದು ಮೋಟ್ರಿನ ಚಾಲುವೇ. ಅದರಲ್ಲಿ ಅನುಮಾನವಿಲ್ಲ.

ಆದರೆ ಆ ಮೆಷೀನಿಗೆ ಗೊತ್ತಿದ್ದದ್ದು ಜಾಡಿಸುವುದೊಂದೇ. ಕೈ ಎಷ್ಟು ಕಷ್ಟಪಟ್ಟು ಎಷ್ಟು ಮೇಲಕ್ಕೆ ಬಂತು ಅನ್ನುವುದು ಅದಕ್ಕೆ ಬೇಡ. ಮಧ್ಯಾಹ್ನದ ಹೊತ್ತು ಬರುತ್ತಿದ್ದ ಆಟೋ ಡ್ರೈವರ್ ಧರ್ಮೇಂದ್ರ ಕುರ್ಚಿಯಲ್ಲಿ ಕಾಲು ಚಾಚಿಕೊಂಡು, ಬೀಡಿ ಬೂದಿ ಉದುರಿಸುವ ಹಾಗೆ ಮಣಿಕಟ್ಟು ಕೊಡವಿಯೇ ಎಲ್ಲರನ್ನೂ ಮಲಗಿಸುತ್ತಿದ್ದ. ಗಂಗುಲಪ್ಪ ಹಲ್ಲು ಕಚ್ಚಿ, ಹೆಗಲಿನಿಂದ ಎಳೆದು ಎಳೆದು, ಕೆಸರಿನಿಂದ ಮೇಲೇಳುವ ಎಮ್ಮೆಯ ಹಾಗೆ ಕೈಯನ್ನು ಒಂದು ಗೇಣು ತರುವಷ್ಟರಲ್ಲಿ ಕೆಂಪು ಚಡ್ಡಿಯವನು ಎಡ ಬಲ ಬಾರಿಸಿ ಮುಗಿಸುತ್ತಿದ್ದ. ರಿಮೋಟು ಗುರ್ ಗುರ್ ಅಂತ ಪ್ರತಿ ಪೆಟ್ಟನ್ನೂ ಸತ್ತ ಅಂಗೈಗೆ ತಲುಪಿಸುತ್ತಿತ್ತು.

"ಏಂ ಮಾಮಾ, ಗುದ್ತಾ ಇದ್ದೀಯೋ ನೊಣ ಓಡಿಸ್ತಾ ಇದ್ದೀಯೋ?" ಧರ್ಮೇಂದ್ರ ಕಾಲೆಳೆಯುತ್ತಿದ್ದ. "ಕೊಟ್ಟು ಮಾಮಾ, ಕೊಟ್ಟು!"

ತೆಲುಗಿನಲ್ಲಿ ಕೊಟ್ಟು ಅಂದರೆ ಹೊಡಿ. ಯೋಗೇಶ್ ತಿರುಗಿ, "ಕೊಟ್ಟು ಕೊಟ್ಟು ಅಂತೀಯಲ್ಲ, ನೀನು ಹೋದ ವಾರ ಆಡಿದ್ದಕ್ಕೆ ದುಡ್ಡು ಕೊಟ್ಟ್ಯಾ?" ಅನ್ನುತ್ತಿದ್ದ. ಎಲ್ಲ ನಗುತ್ತಿದ್ದರು. ಗಂಗುಲಪ್ಪನೂ ನಗುತ್ತಿದ್ದ. ಆಟ ಮುಗಿದ ಮೇಲೆ ಒಳಗೆ ಹೋಗಿ ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದ.

ಕಲ್ಯಾಣಿಗೆ ತಡೆಯಲಾಗಲಿಲ್ಲ.

"ಏನ್ರೀ, ಅಪ್ಪ ಒಂದ್ ದಪನಾದ್ರೂ ಗೆಲ್ಲಂಗೆ ಮಾಡಕ್ಕಾಗಲ್ವಾ?"

"ಅದು ಮೆಷೀನು ಕಣೇ. ನಿಮ್ಮಪ್ಪ ಅಂತ ಅದ್ಕೇನು ಮುಲಾಜಾ?"

"ಅಪ್ಪನ ಬದ್ಲು ಇನ್ನೊಂದು ರಿಮೋಟಿಂದ ನಾನು ಹೊಡುದ್ರೆ?"

ಯೋಗೇಶ್ ಅವಳ ಮುಖ ನೋಡಿದ. ಬೇಡ ಅನ್ನಬೇಕು ಅನ್ನಿಸಿತು. ಆದರೂ ಇನ್ನೊಂದು ರಿಮೋಟು ತಂದು ಅವಳ ಕೈಗಿಟ್ಟ.

ಅವತ್ತಿನಿಂದ ಗಂಗುಲಪ್ಪನ ಕೈಗೆ ಕಟ್ಟಿದ ರಿಮೋಟು ಆರಿಸಿಟ್ಟದ್ದು. ಅದರ ದೀಪ ಹತ್ತಿದೆಯೋ ಇಲ್ಲವೋ ಬಟ್ಟೆಪಟ್ಟಿಯೊಳಗೆ ಯಾರಿಗೆ ಕಾಣಬೇಕು? ಹತ್ತಿದ ರಿಮೋಟು ಅಪ್ಪನ ಕುರ್ಚಿಯ ಹಿಂದೆ ಕೂತ ಕಲ್ಯಾಣಿಯ ಸೆರಗಿನೊಳಗೆ. ಅವನ ಹೆಗಲು ಅಲುಗಿದ ಕೂಡಲೇ ಅವಳ ಮಣಿಕಟ್ಟು ಜಾಡಿಸುತ್ತಿತ್ತು. ನೀಲಿ ಚಡ್ಡಿಯವನು ನುಗ್ಗಿ ನುಗ್ಗಿ ಹೊಡೆದ. ಕೆಂಪು ಚಡ್ಡಿಯವನು ಅಂಗಾತ ಬಿದ್ದ. ಟಿವಿಯೊಳಗೆ ಚಪ್ಪಾಳೆ, ಅಂಗಡಿಯೊಳಗೆ ಶಿಳ್ಳೆ. "ನೊಣ ಸತ್ಬಿಡ್ತು ಮಾಮೋ!" ಅಂತ ಧರ್ಮೇಂದ್ರ ಎದ್ದು ಕುಣಿದ.

ಗಂಗುಲಪ್ಪ ಕುಣಿಯುವ ಟಿವಿಯನ್ನು ನೋಡಲಿಲ್ಲ. ತನ್ನ ಅಂಗೈಯನ್ನು ನೋಡಿಕೊಂಡ. ಆಮೇಲೆ ಹಿಂದಕ್ಕೆ ತಿರುಗಿ ಮಗಳನ್ನು ನೋಡಿದ. ಅವಳ ಮುಖ ತುಂಬ ನಗು. ಅವನೂ ಅರ್ಧ ಬಾಯಿ ಅರಳಿಸಿದ.

ಕಲ್ಯಾಣಿ ಆ ಸಂಜೆಯೇ ಫೋನು ಮಾಡಿದಳು. "ಅಮ್ಮಾ, ಅಪ್ಪನ ಕೈ ಬತ್ತಾ ಐತೆ ಕಣಮ್ಮ! ಎದುರಾಳೀನ ಕೆಡವಿಬುಟ್ಟ!"

ಎದುರಾಳಿ ಯಾರು, ಕೆಡವಿದ್ದು ಏತಕ್ಕೆ, ತಿಪ್ಪಕ್ಕನಿಗೆ ಒಂದೂ ತಿಳಿಯಲಿಲ್ಲ. ಕೈ ಬರುತ್ತಿದೆ ಅನ್ನುವುದು ತಿಳಿಯಿತು, ಅಷ್ಟು ಸಾಕಾಯಿತು. ಬೀದಿಗೆಲ್ಲ ಹೇಳಿದಳು. ಕಾಳಪ್ಪ ಬೇರೆ ಜೋಡಿ ಹುಡುಕುತ್ತಿದ್ದವನು, "ಹಂಗಾದ್ರೆ ಕಾಯ್ತೀನಿ ಬಿಡತ್ತಿಗೆ" ಅಂದ.

ಹಿಂದೂಪುರದಲ್ಲಿ ಆಟ ದಿನದಿನವೂ ನಡೆಯಿತು. ಒಂದು ಆಟ ಗೆದ್ದ ಕೂಡಲೇ ಗಂಗುಲಪ್ಪ ಎಡಗೈ ಮೇಲೆತ್ತಿ, ಅಂಗೈ ತೋರಿಸಿ, "ಚಾಲು" ಅನ್ನುತ್ತಿದ್ದ. ಬೋರಿನ ಹತ್ತಿರ ಕೈಯೆತ್ತಿ ಕೂಗುತ್ತಿದ್ದ ಅಪ್ಪನನ್ನು ಚಿಕ್ಕಂದಿನಿಂದ ನೋಡಿದವಳು ಕಲ್ಯಾಣಿ. "ನೋಡ್ರೀ, ಇನ್ನೊಂದು ಆಟ ಹಾಕು ಅಂತದೆ!" ಅಂತ ಹಾಕುತ್ತಿದ್ದಳು. ಮತ್ತೆ ಗೆಲುವು, ಮತ್ತೆ ಕೈ ಮೇಲೆ, ಮತ್ತೆ "ಚಾಲು". ಅವನು ಬೆವರುತ್ತಿದ್ದ, ದನಿ ಏರುತ್ತಿತ್ತು. ದನಿ ಏರಿದಷ್ಟೂ ಅವಳಿಗೆ ಹುರುಪು. ತಲೆಯನ್ನು ಎತ್ತಲೋ ಆಡಿಸುತ್ತಿದ್ದ, ಆ ತಲೆಯ ಮಾತನ್ನು ನಂಬುವುದನ್ನು ಮನೆಯವರು ಬಿಟ್ಟು ಬಹಳ ದಿನವಾಗಿತ್ತು.

ಕೈ ಬಂದ ಗಂಡನನ್ನು ಕಣ್ಣಾರೆ ನೋಡಬೇಕು ಅಂತ ತಿಪ್ಪಕ್ಕ ಎಮ್ಮೆಗಳನ್ನು ಪಕ್ಕದ ಮನೆಗೆ ಒಪ್ಪಿಸಿ ಬಸ್ಸು ಹತ್ತಿ ಬಂದಳು.

ಅವರ ಕುಲದಲ್ಲಿ ಒಂದು ಪದ್ಧತಿ. ಅತ್ತೆಯಾದವಳು ಅಳಿಯನ ಎದುರು ಕೂರಬಾರದು, ಮುಖ ಕೊಟ್ಟು ಮಾತಾಡಬಾರದು. ಯೋಗೇಶ್ "ಬಾತ್ತೆ, ನೀನೂ ನೋಡು" ಅಂತ ಕರೆದ. ತಿಪ್ಪಕ್ಕ ಬಂದಳು, ಆದರೆ ತಲೆ ಮೇಲೆ ಸೆರಗೆಳೆದುಕೊಂಡು, ಟಿವಿಗೂ ಅಳಿಯನಿಗೂ ಬೆನ್ನು ಮಾಡಿ, ಗಂಡನ ಕುರ್ಚಿಯ ಹಿಂದೆ ಮಗಳ ಪಕ್ಕದಲ್ಲಿ ಗೋಡೆ ಕಡೆ ತಿರುಗಿ ಕೂತಳು.

"ಅಯ್ಯೋ, ಹಂಗೆ ಕುಂತ್ರೆ ಏನು ಕಾಣ್ತದಮ್ಮ?"

"ಕಿವಿ ಐತಲ್ಲ ಬಿಡು."

ಆಟ ಶುರುವಾಯಿತು. ಗುದ್ದಿನ ಸದ್ದು. ಧರ್ಮೇಂದ್ರನ "ಕೊಟ್ಟು ಮಾಮಾ". ಗಂಟೆ, ಚಪ್ಪಾಳೆ. ಅದರ ಹಿಂದೆಯೇ ಗಂಗುಲಪ್ಪನ ದನಿ: "ಚಾಲು!"

"ಕೇಳಿದ್ಯೇನಮ್ಮ? ಇನ್ನೊಂದು ಹಾಕು ಅಂತದೆ."

ಇನ್ನೊಂದು ಹಾಕಿದಳು. ಅದೂ ಮುಗಿಯಿತು, ಮತ್ತೊಂದು ಹಾಕಿದಳು. "ಚಾಲು! ಚಾಲು!"

ತಿಪ್ಪಕ್ಕ ಗೋಡೆ ನೋಡುತ್ತಲೇ ಕೇಳಿದಳು. "ಯಾಕೇ ಅವ್ರನ್ನ ಹಂಗೆ ಹಿಂಸೆ ಮಾಡ್ತೀಯ?"

"ಹಿಂಸೆ ಏನಮ್ಮ? ಅಪ್ಪಾನೇ ಚಾಲು ಮಾಡು ಅಂತಾ ಐತಲ್ಲ!"

"ಅದು ಮೋಟ್ರಿನ ಚಾಲು ಅಲ್ಲ ಕಣೇ. ಮೋಟ್ರಿನ ಚಾಲು ಉದ್ದಕ್ಕೆ ಹೋಯ್ತದೆ. ಇದು ತಟ್ಟೆ ಮುಂದಿನ ಚಾಲು. ಎಷ್ಟು ವರ್ಷದಿಂದ ಬಡಿಸ್ತಿದ್ದೀನಿ, ನಂಗೊತ್ತಾಗಕಿಲ್ವಾ? ಸಾಕು ಅಂತಾವ್ರೆ. ಸಾಕು ಸಾಕು ಅಂತ ಕೂಗ್ತಾವ್ರೆ, ನಿಂಗೆ ಕೇಳಕಿಲ್ವಾ?"

ಕಲ್ಯಾಣಿ ಗಾಬರಿಯಲ್ಲಿ ಕೈ ಕೊಡವಿದಳೋ ಏನೋ, ಟಿವಿಯಲ್ಲಿ ಒಂದು ಗುದ್ದು ಬಿತ್ತು. ಅವಳ ಸೆರಗಿನೊಳಗೆ ಗುರ್ ಅಂದಿತು. ತಿಪ್ಪಕ್ಕ ತಿರುಗಿ ಆ ಸೆರಗು ಸರಿಸಿದಳು. ರಿಮೋಟು ಮಗಳ ಮುಷ್ಟಿಯಲ್ಲಿತ್ತು. ಅಳಿಯನ ಎದುರು ಮುಖ ಮಾಡಬಾರದು ಅನ್ನುವುದನ್ನೂ ಮರೆತು ಅವಳು ಎದ್ದು ಗಂಡನ ಮುಂದೆ ಬಂದಳು. ಅವನ ಅಂಗೈಯ ಬಟ್ಟೆಪಟ್ಟಿ ಬಿಚ್ಚಿದಳು. ಒಳಗಿನದು ದೀಪವಿಲ್ಲದೆ, ನಡುಕವಿಲ್ಲದೆ, ತಣ್ಣಗೆ ಬಿದ್ದಿತ್ತು. ಕಟ್ಟಿ ಕಟ್ಟಿ ಅಂಗೈಯ ಚರ್ಮ ಸುಲಿದಿತ್ತು.

ಸೋಲುವಾಗ ಗುರ್ ಅಂತಿದ್ದದ್ದು ಗೆಲ್ಲತೊಡಗಿದ ದಿನದಿಂದ ಸುಮ್ಮನಾಗಿತ್ತಲ್ಲ, ಅದು ಆ ಅಂಗೈಗೆ ಗೊತ್ತಾಗಿರಲಿಲ್ಲವೇ? ಮೊದಲ ಗೆಲುವಿನಲ್ಲೇ ಗೊತ್ತಾಗಿತ್ತು. ಮಗಳು ನಗುತ್ತಾಳೆ ಅಂತ ಗೆದ್ದಿದ್ದ. ಸಾಕು ಅನ್ನಿಸಿದಾಗ ಸಾಕು ಅಂದಿದ್ದ. ಅವನ ಬಳಿ ಉಳಿದಿದ್ದ ಒಂದೇ ಪದದಲ್ಲಿ ಅಂದಿದ್ದ.

ಧರ್ಮೇಂದ್ರ "ಬತ್ತೀನಣ್ಣ" ಅಂತ ಆಟೋ ಕೀಲಿ ತೆಗೆದುಕೊಂಡು ಮೆಲ್ಲಗೆ ಹೊರಟ. ಯೋಗೇಶ್ ಟಿವಿ ಆರಿಸಿ, ಅತ್ತೆಯ ಕಣ್ಣಿಗೆ ಬೀಳದ ಹಾಗೆ ಹೊರಗೆ ಹೋಗಿ ನಿಂತ. ಕಲ್ಯಾಣಿ ಅಪ್ಪನ ಮೊಣಕಾಲಿಗೆ ಹಣೆ ಹಚ್ಚಿ, "ಕೈ ಬರ್ಲಿ ಅಂತ ಕಣಪ್ಪ, ಇನ್ನೇನಕ್ಕೂ ಅಲ್ಲ" ಅಂತ ಅತ್ತಳು. ಅವನ ಎಡಗೈ ಅವಳ ತಲೆಯ ಮೇಲೆ ಬಂತು. ಬಲಗೈ ತೊಡೆಯ ಮೇಲೆ ಇದ್ದಲ್ಲೇ ಇತ್ತು.

"ಬರಕಿಲ್ಲ ಕಣೇ ಅದು" ಅಂದಳು ತಿಪ್ಪಕ್ಕ. "ಕಾಳಪ್ಪಂಗೆ ನಾನೇ ಹೇಳ್ತೀನಿ. ನಾಳಿಕ್ಕೆ ಊರಿಗೆ ಕರ್ಕೊಂಡೋಯ್ತೀನಿ."

ಆ ಮಧ್ಯಾಹ್ನದ ಊಟಕ್ಕೆ ಅವಳೇ ಮುದ್ದೆ ತೊಳಸಿದಳು. ಕಲ್ಯಾಣಿ ವಾಡಿಕೆಯ ಹಾಗೆ ತುತ್ತು ಮಾಡಲು ಬಂದರೆ, "ಬ್ಯಾಡ, ನೀನು ಈಚೆ ಬಾ" ಅಂದಳು. ಗಂಡನನ್ನು ಅಡಿಗೆಮನೆಯ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರಿಸಿದಳು. ಅವನ ಎಡಗೈಯನ್ನು ಚೊಂಬಿನ ನೀರಿನಲ್ಲಿ ಬೆರಳು ಬೆರಳೂ ಉಜ್ಜಿ ತೊಳೆದಳು, ಹಸುಗೂಸಿನ ಕೈ ತೊಳೆದ ಹಾಗೆ. ತಟ್ಟೆಯನ್ನು ಎಡಕ್ಕೆ ಸರಿಸಿಟ್ಟಳು.

ಅವನು ತಟ್ಟೆ ನೋಡಿದ. ಅವಳನ್ನು ನೋಡಿದ. ಕತ್ತು ಬಗ್ಗಿಸಿದ.

"ಯಾರೂ ನೋಡಕಿಲ್ಲ. ನಾನೂ ನೋಡಕಿಲ್ಲ" ಅಂತ ತಿಪ್ಪಕ್ಕ ಅವನಿಗೆ ಬೆನ್ನು ಮಾಡಿ ಬಾಗಿಲಿಗೆ ಅಡ್ಡ ಕೂತಳು. ಕಲ್ಯಾಣಿಯನ್ನೂ ಆಚೆ ತಿರುಗಿಸಿ ಕೂರಿಸಿದಳು.

ಬಹಳ ಹೊತ್ತಿನ ಮೇಲೆ ಹಿಂದೆ ತಟ್ಟೆ ನೆಲಕ್ಕೆ ಉಜ್ಜಿತು. ಸಾರು ನುಂಗಿದ ಸದ್ದಾಯಿತು. ಒಂದು ಚೂರು ಮುದ್ದೆ ಜಾರಿ ನೆಲಕ್ಕೆ ಬಿತ್ತು. ಕಲ್ಯಾಣಿ ಏಳಲು ಹೋದಳು, ತಿಪ್ಪಕ್ಕ ಅವಳ ತೋಳು ಹಿಡಿದು ಕೂರಿಸಿದಳು.

ಅಷ್ಟರಲ್ಲಿ ಯೋಗೇಶ್ ನೀರು ಕುಡಿಯಲೆಂದು ಚಪ್ಪಲಿ ಬಿಟ್ಟು ಒಳಗೆ ಬಂದ. ಹೆಜ್ಜೆ ಸದ್ದು ಕೇಳಿದ್ದೇ ಗಂಗುಲಪ್ಪ ಎಂಜಲಾದ ಎಡಗೈಯನ್ನು ಗಬಕ್ಕನೆ ಪಂಚೆಯ ಮಡಿಕೆಯೊಳಗೆ ಬಚ್ಚಿಟ್ಟುಕೊಂಡು, ಅಲುಗಾಡದೆ ಗೋಡೆ ನೋಡುತ್ತ ಕೂತುಬಿಟ್ಟ. ಯೋಗೇಶ್ ಬಾಗಿಲಲ್ಲೇ ನಿಂತ. ತಾಯಿ ಮಗಳು ಇಬ್ಬರೂ ತಲೆಯೆತ್ತಲಿಲ್ಲ. ನೀರು ಕೇಳದೆ ಹಿಂದಕ್ಕೆ ಬಂದು, ಬಿಟ್ಟ ಚಪ್ಪಲಿಯನ್ನು ಸದ್ದಾಗದ ಹಾಗೆ ಮತ್ತೆ ಮೆಟ್ಟಿಕೊಂಡು, ಬಿಸಿಲಿಗೆ ಇಳಿದು ಹೋದ.