ಗೋಡೆಗೆ ಹಚ್ಚದ ಅಂಗೈ

ಗಾಜಿನ ಬಾಗಿಲ ತುಂಬ ಮೊಮ್ಮಗನ ಅಂಗೈ ಗುರುತು. ಶಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನ ಮಗಳ ಮನೆಯಲ್ಲಿ ಕಳೆದ ವಾರ ಅದನ್ನು ಒರೆಸೋಣವೆಂದು ನೀಲಿ ನೀರು ಚಿಮುಕಿಸಿದೆ. ಅಮೋನಿಯಾದ ಘಾಟು ಮೂಗಿಗೆ ಅಡರಿತು, ಹಾಗೇ ನಿಂತುಬಿಟ್ಟೆ. "ಅಮ್ಮಾ, ಇಟ್ಸ್ ಜಸ್ಟ್ ವಿಂಡೋ ಕ್ಲೀನರ್!" ಎಂದಳು ಮಗಳು. ಅವಳಿಗೇನು ಗೊತ್ತು, ಅದು ನಮ್ಮ ಎದುರುಮನೆ ಇಂಜಿನಿಯರರ ಕೋಟಿನ ವಾಸನೆ...

ಎಪ್ಪತ್ತರ ದಶಕದ ಶುರು. ಶಿಕಾಗೋದಲ್ಲಿ ನಮ್ಮದೂ ಅವರದೂ ಎದುರುಬದುರು ಅಪಾರ್ಟ್‌ಮೆಂಟು. ಧಾರವಾಡದ ಕಡೆಯವರು, ಒಂಟಿ ಜೀವ. ನನ್ನ ಗಂಡ ಅವರಿಗೆ ಅಣ್ಣ, ಹಾಗಾಗಿ ನಾನು ವೈನಿ. ಆಫೀಸಿನಲ್ಲಿ ನಕ್ಷೆಗಳ ಪ್ರತಿ ತೆಗೆಯುವ ಯಂತ್ರಕ್ಕೆ ಅಮೋನಿಯಾ ಹಾಕುತ್ತಿದ್ದರಂತೆ. ಆ ಘಾಟು ಹೊತ್ತೇ ಸಂಜೆ ನಮ್ಮ ಮನೆಗೆ ಸಾರನ್ನಕ್ಕೆ ಬರುತ್ತಿದ್ದರು.

ಅವರ ತಲೆಯಲ್ಲಿ ಇದ್ದದ್ದು ಒಂದೇ, ಸಿಂಗಪುರದಲ್ಲಿ ಏಳುತ್ತಿದ್ದ ಕಟ್ಟಡ. ಮುಗಿದರೆ ಆ ದೇಶದಲ್ಲೇ ಎಲ್ಲಕ್ಕಿಂತ ಎತ್ತರ. ಗಾಳಿಗೆ ಅದು ಅಲ್ಲಾಡದಂತೆ ಲೆಕ್ಕ ಹಾಕಿದವರಲ್ಲಿ ಇವರೂ ಒಬ್ಬರು. ಆದರೆ ಊರಲ್ಲಿ ಅಪ್ಪ ಗೌಂಡಿ, ಕಲ್ಲಿನ ಗೋಡೆ ಕಟ್ಟಿದ ಮನುಷ್ಯ. ಕೆಲಸ ಮುಗಿದ ದಿನ ಗೋಡೆಗೆ ಅಂಗೈ ಹಚ್ಚಿ ನಿಲ್ಲದಿದ್ದರೆ ಅದು ಕಟ್ಟಿದವನದಲ್ಲ ಎಂಬುದು ಅವರ ಮನೆಯ ರೂಢಿ. "ಅಪ್ಪ ಪ್ರತಿ ಪತ್ರದಾಗೂ ಅದನ್ನ ಕೇಳ್ತಾನ್ರಿ ವೈನಿ. ಕಾಗದ ಗೀಚಿದ್ದು ಸಾಕು, ನೀ ಕೈ ಹಚ್ಚಿದ ಗೋಡಿ ಯಾವ್ದು ಅಂತ." ಕೊನೆಯ ಪರಿಶೀಲನೆಗೆ ಕಂಪನಿ ಒಬ್ಬರನ್ನು ಸಿಂಗಪುರಕ್ಕೆ ಕಳಿಸುವುದಿತ್ತು. ತಾನೇ ಹೋಗಬೇಕು, ಗೋಡೆಗೆ ಕೈಯಿಟ್ಟು ಫೋಟೋ ತೆಗೆಸಿ ಅಪ್ಪನಿಗೆ ಕಳಿಸಬೇಕು... ಅದೊಂದೇ ಜಪ.

ಆ ದಸರೆಗೆ ನಮ್ಮ ಮೈಸೂರಿನ ಪದ್ಧತಿಯಂತೆ ಗೊಂಬೆ ಕೂರಿಸಿದೆ. ಸೂಟ್‌ಕೇಸಿನಲ್ಲಿ ಬಂದದ್ದು ರಾಜ ರಾಣಿಯ ಪಟ್ಟದ ಗೊಂಬೆ ಜೋಡಿ ಮಾತ್ರ, ಮೆಟ್ಟಿಲೆಲ್ಲ ಬಿಕೋ ಅನ್ನುತ್ತಿತ್ತು. ಅವರು ಸೀರಿಯಲ್ ಡಬ್ಬಿಯ ರಟ್ಟು ಕತ್ತರಿಸಿ, ಮಹಡಿ ಮಹಡಿಗೂ ಗೆರೆ ಎಳೆದು, ಸಿಂಗಪುರದ ಕಟ್ಟಡ ಮಾಡಿ ತಂದಿಟ್ಟರು. ರಾಜ ರಾಣಿ ಅದರ ಸೊಂಟಕ್ಕೂ ಬರಲಿಲ್ಲ! ವಿಜಯದಶಮಿ ಸಂಜೆ ಆರತಿ ಮಾಡಿ, ಒಂದು ಗೊಂಬೆಯನ್ನು ಮಲಗಿಸಿ ಹಬ್ಬ ಮುಗಿಸಬೇಕು. ರಾಜನ ಮುಂದೆ ದೀಪ ಉರಿಯುತ್ತಿತ್ತು. ಕೈಗೆಟುಕಿದ್ದು ಕಟ್ಟಡ, ಅದನ್ನೇ ಮಲಗಿಸಿದೆ.

ಅವರ ಕಡೆ ಗೊಂಬೆ ಕೂರಿಸುವ ರೂಢಿಯಿಲ್ಲ. ಬೆಚ್ಚಿ ಎದ್ದುನಿಂತರು. "ಅಯ್ಯ ವೈನಿ, ಬಿಲ್ಡಿಂಗ್ ಮಲಗಸ್ತಾರೇನ್ರಿ ಯಾರರ!" ಎಂದು ನಕ್ಕರು, ನಾನೂ ನಕ್ಕೆ. ಆದರೆ ಕೂಡಲೇ ಅದನ್ನು ಎತ್ತಿ ನಿಲ್ಲಿಸಿ, ಮಡಚಿದ ಮೂಲೆಯನ್ನು ಉಗುರಿನಿಂದ ತೀಡಿ ನೇರ ಮಾಡಿದರು.

ಕಂಪನಿ ಬೇರೆಯವರನ್ನು ಕಳಿಸಿತು. ನನ್ನಿಂದಲ್ಲ, ಗೊತ್ತು. ಆದರೂ ನನ್ನ ಕೈಗಿಷ್ಟು ಬೆಂಕಿ ಹಾಕ ಎಂದು ಎಷ್ಟು ಸಲ ಬೈದುಕೊಂಡೆನೋ. ಮುಂದಿನ ವರ್ಷ ಅವರು ಡೆಟ್ರಾಯ್ಟ್ ಹತ್ತಿರದ ಲಿವೋನಿಯಾಗೆ, ಕಾರಿನ ಬಿಡಿಭಾಗಗಳ ಕೆಲಸಕ್ಕೆ ಹೊರಟುಹೋದರು. ಅಪ್ಪನಿಗೆ ಫೋಟೋ ಹೋಗಲೇ ಇಲ್ಲ. ನಮಗೆ ಹಬ್ಬಕ್ಕೆ ಫೋನು ಬರುತ್ತಿತ್ತು... ಆಮೇಲೆ ಅದೂ ನಿಂತಿತು. ಅವರು ತೀರಿಕೊಂಡ ಸುದ್ದಿ ನಮಗೆ ತಿಳಿದದ್ದು ತಿಂಗಳು ಕಳೆದ ಮೇಲೆ.

ಎರಡು ವರ್ಷದ ಹಿಂದೆ ಬೆಂಗಳೂರಿಗೆ ಹೋಗುವಾಗ ಹಟ ಹಿಡಿದು ಸಿಂಗಪುರದಲ್ಲಿ ಇಳಿದೆ. ಈಗ ಅದಕ್ಕಿಂತ ಎತ್ತರದವು ಸುತ್ತಲೂ ಎದ್ದಿವೆ, ಹುಡುಕಬೇಕು. ಹುಡುಕಿದೆ. ಯಾರು ನೋಡಿದರೆ ನನಗೇನು ಎಂದು ಗೋಡೆಗೆ ಅಂಗೈ ಹಚ್ಚಿ ನಿಂತೆ. ಬಿಸಿಲಿಗೆ ಗೋಡೆ ಬೆಚ್ಚಗಿತ್ತು. "ನಿಂತಿದೆ ಕಣ್ರೀ, ಅಲ್ಲಾಡಿಲ್ಲ" ಎಂದೆ. ಕಣ್ಣು ತುಂಬಿ ಬಂತು. ಎಷ್ಟಾದರೂ ಅದು ನನ್ನ ಕೈ. ಅವರ ರಟ್ಟಿನ ಕಟ್ಟಡವನ್ನು ಮಲಗಿಸಿದ ಕೈ...

"ಲೆಟ್ ಮಿ ಡೂ ಇಟ್, ಅಮ್ಮಾ" ಎಂದು ಮಗಳು ಬಟ್ಟೆಗೆ ಕೈ ಚಾಚಿದಳು. "ಇರಲಿ ಬಿಡೇ" ಎಂದೆ. ಪುಟ್ಟ ಅಂಗೈ ಗಾಜಿನ ಮೇಲೆ ಇನ್ನೂ ಇದೆ. ಅವರದು ಮಾತ್ರ ಎಲ್ಲಿಯೂ ಮೂಡಲಿಲ್ಲ.